ಸೌಂಡ್ ಸಿಸ್ಟಮ್ ಕೆಲಸಕ್ಕೆ ವಿಂಗರ್ ಕಾರ್ಗೋ: ಕೆಲವು ವರ್ಷ ದುಡಿಸಿದ ಮೇಲೆ

ಸೌಂಡ್ ಮತ್ತು ಲೈಟ್ಸ್ ಬಾಡಿಗೆಗೆ ಕೊಡುವುದು ನಮ್ಮ ಕೆಲಸ. ರಾಜಾಜಿನಗರದಲ್ಲಿ ಗೋಡೌನ್ ಇದೆ. 2023ರಲ್ಲಿ ಟಾಟಾ ವಿಂಗರ್ ಕಾರ್ಗೋ ಅನ್ನುವ ಮುಚ್ಚಿದ ಡೀಸೆಲ್ ವ್ಯಾನ್ ತೆಗೆದುಕೊಂಡೆವು. ಅವತ್ತಿನಿಂದ ಅದೇ ನಮ್ಮ ಮುಖ್ಯ ಗಾಡಿ. ಇದೇ ಲೈನಿನಲ್ಲಿರುವ ಗೆಳೆಯರು ಫೋನ್ ಮಾಡಿದರೆ ಮೊದಲು ಕೇಳುವುದು ಮೈಲೇಜ್. ಆಮೇಲೆ ಎಷ್ಟು ಟನ್ ಹೊರುತ್ತದೆ ಅಂತ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಇವೆರಡೂ ಅಲ್ಲ. ಲೋಡ್ ಹಾಕುವ ನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ನೋಡಬೇಕು.

ಯಾಕೆ ಅಂದರೆ, ಒಂದು ಕಾರ್ಯಕ್ರಮಕ್ಕೆ ಪ್ರತಿ ಬಾಕ್ಸನ್ನೂ ನಾಲ್ಕು ಸಲ ಎತ್ತಿ ಇಳಿಸಬೇಕು. ಗೋಡೌನ್‌ನಲ್ಲಿ ಹತ್ತಿಸಬೇಕು, ಜಾಗದಲ್ಲಿ ಇಳಿಸಬೇಕು, ಮುಗಿದ ಮೇಲೆ ಮತ್ತೆ ಹತ್ತಿಸಬೇಕು, ಗೋಡೌನ್‌ಗೆ ಬಂದು ಮತ್ತೆ ಇಳಿಸಬೇಕು. ಎರಡು 18 ಇಂಚಿನ ಸ್ಪೀಕರ್ ಕೂರಿಸಿದ ನಮ್ಮ ಬಾಸ್ ಬಾಕ್ಸ್ ಒಂದೊಂದೂ 80 ಕಿಲೋ ದಾಟುತ್ತದೆ. ಗಣೇಶನ ಹಬ್ಬದಿಂದ ನವೆಂಬರ್ ರಾಜ್ಯೋತ್ಸವ ಮುಗಿಯುವವರೆಗೆ ಹುಡುಗರಿಗೆ ಬಿಡುವೇ ಇರುವುದಿಲ್ಲ. ಹಿಂದೆ ಬಾಡಿಗೆ ಪಿಕಪ್‌ಗಳಲ್ಲಿ ಕೆಲಸ ಮಾಡುವಾಗ ನಮ್ಮಲ್ಲಿದ್ದ ಒಳ್ಳೆಯ ಹುಡುಗರಿಬ್ಬರು ಸೊಂಟ ನೋವಿಂದಲೇ ಕೆಲಸ ಬಿಟ್ಟರು. ವೈರಿಂಗ್ ಚೆನ್ನಾಗಿ ಗೊತ್ತಿದ್ದವರು ಅವರು. ಆ ನಷ್ಟವನ್ನು ಯಾವ ಮೈಲೇಜೂ ತುಂಬಿಕೊಡುವುದಿಲ್ಲ.

ಪಿಕಪ್‌ಗಳಲ್ಲಿ ಉದ್ದಕ್ಕೂ ಚಾಸಿಸ್ ಇರುತ್ತದೆ. ಅದರ ಕೆಳಗೆ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಮೇಲೆ ಬಾಡಿ. ಹಾಗಾಗಿ ಲೋಡ್ ಹಾಕುವ ನೆಲ ಸೊಂಟದ ಮಟ್ಟಕ್ಕೆ ಬಂದುಬಿಡುತ್ತದೆ. ವಿಂಗರ್‌ನಲ್ಲಿ ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರಗಳೇ. ಹಿಂದಕ್ಕೆ ಶಾಫ್ಟ್ ಇಲ್ಲ. ಬೇರೆ ಚಾಸಿಸ್ ಕೂಡ ಇಲ್ಲ, ಇಡೀ ಬಾಡಿಯೇ ಭಾರ ಹೊರುವ ಮಾನೋಕಾಕ್. ಅದಕ್ಕೇ ನೆಲವನ್ನು ಕೆಳಗೆ ಇಡಲು ಸಾಧ್ಯವಾಗಿದೆ. ನಮ್ಮ ಬಾಕ್ಸ್‌ಗಳಿಗೆ ಗಾಲಿ ಇದೆ. ಒಂದು ಗಟ್ಟಿ ಹಲಗೆ ಇಟ್ಟರೆ ಇಬ್ಬರು ತಳ್ಳಿಕೊಂಡೇ ಒಳಗೆ ಸೇರಿಸುತ್ತಾರೆ. ಮೊದಲ ವಾರವೇ ಹುಡುಗರು, 'ಅಣ್ಣಾ, ಇನ್ಮೇಲೆ ಪಿಕಪ್ ತರಿಸಬೇಡಿ' ಅಂದರು.

ಆಗ ನೋಡಿದ ಬೇರೆ ಗಾಡಿಗಳ ಬಗ್ಗೆಯೂ ಹೇಳುತ್ತೇನೆ. ಬೊಲೆರೊ ಪಿಕಪ್ ಗಟ್ಟಿಮುಟ್ಟು, ಹಳ್ಳಿ ರಸ್ತೆಗೆ ಸೊಗಸು, ಅದಕ್ಕೆ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಆದರೆ ತೆರೆದ ಗಾಡಿ. ಬೆಂಗಳೂರಿನ ಸಂಜೆ ಮಳೆಗೆ ಸೌಂಡ್ ಮಿಕ್ಸರ್, ಆಂಪ್ಲಿಫೈಯರ್ (ಆಂಪ್)ಗಳನ್ನು ಟಾರ್ಪಾಲಿನ್ ನಂಬಿ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಮಾರುತಿ ಈಕೊ ಕಾರ್ಗೋದಲ್ಲಿ ಡೀಸೆಲ್ ಇಲ್ಲ, ಜಾಗವೂ ಚಿಕ್ಕದು. ಎಲೆಕ್ಟ್ರಿಕ್ ಬಗ್ಗೆ ಆಸೆ ಇತ್ತು. ಆದರೆ ನಮ್ಮ ಅರ್ಧ ಕೆಲಸ ತುಮಕೂರು, ಕೋಲಾರ, ಮಂಡ್ಯ ಕಡೆಯ ಜಾತ್ರೆ, ಮದುವೆಗಳದ್ದು. ರಾತ್ರಿ ಮುಗಿಸಿ ಆಗಲೇ ಹೊರಡಬೇಕು. ಚಾರ್ಜಿಂಗ್‌ಗೆ ಕಾದು ಕೂರಲು ಆಗುವುದಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಫೋರ್ಸ್ ಟ್ರಾವೆಲರ್ ಡೆಲಿವರಿ ವ್ಯಾನ್ ಜೊತೆ. 1987ರಲ್ಲಿ ಬಜಾಜ್ ಟೆಂಪೋ ಕಂಪನಿ ತಂದ ಗಾಡಿ, ನಾವೆಲ್ಲ ಟಿಟಿ ಅಂತ ಕರೆಯುವುದು ಅದನ್ನೇ. ಅದರ 2.6 ಲೀಟರ್ ಎಂಜಿನ್ ಎಳೆಯುವುದರಲ್ಲಿ ವಿಂಗರ್‌ನ 2.2 ಲೀಟರ್ ಎಂಜಿನ್‌ಗಿಂತ ಒಂದು ಕೈ ಮೇಲು. ಹಿಂದಿನ ಚಕ್ರ ಎಳೆಯುವುದರಿಂದ ತುಂಬಿದ ಲೋಡ್‌ನಲ್ಲಿ ನಂದಿ ಬೆಟ್ಟದಂಥ ಏರು ಹತ್ತಲು ಅದೇ ಒಳ್ಳೆಯದು. ವಾರವೆಲ್ಲ ಹೊರಗಿನ ಊರುಗಳಿಗೇ ಓಡುವವರಾದರೆ ಟ್ರಾವೆಲರನ್ನೇ ತಗೊಳ್ಳಿ ಅನ್ನುತ್ತೇನೆ. ನಮ್ಮದು ಮಲ್ಲೇಶ್ವರದ ಕ್ರಾಸ್‌ಗಳು, ಚಾಮರಾಜಪೇಟೆಯ ಗಲ್ಲಿಗಳು, ಕಲ್ಯಾಣ ಮಂಟಪಗಳ ಹಿಂದಿನ ಗೇಟು. ಇಲ್ಲಿ ಹತ್ತಿಸಿ ಇಳಿಸುವುದೇ ದೊಡ್ಡ ಕೆಲಸ.

ವಿಂಗರ್‌ನ ಒಳಗಿನ ಅಳತೆ 3,240 ಮಿ.ಮೀ. ಉದ್ದ, 1,640 ಅಗಲ, 1,900 ಎತ್ತರ. ಸ್ಟೇಜ್ ಕಟ್ಟುವವರಿಗೆ ಇದರ ಬೆಲೆ ಗೊತ್ತು. ಲೈಟ್ ತೂಗುಹಾಕುವ ಟ್ರಸ್ ಚೌಕಟ್ಟಿನ 3 ಮೀಟರ್ ತುಂಡನ್ನು ಒಳಗೆ ಮಲಗಿಸಿ ಬಾಗಿಲು ಮುಚ್ಚಬಹುದು. 12 ಅಡಿ ಪೈಪ್ ಹಿಡಿಸುವುದಿಲ್ಲ. ಮುಕ್ಕಾಲು ಪಾಲು ಜನ ಒಳಗೆ ತಲೆ ಬಗ್ಗಿಸದೆ ನಿಲ್ಲಬಹುದು. ಆದರೆ ಒಳಗೇ ಇಷ್ಟು ಎತ್ತರ ಅಂದಮೇಲೆ ಹೊರಗೆ ಏಳು ಅಡಿ ದಾಟುತ್ತದೆ ಅಲ್ವಾ? ಹೋಟೆಲ್, ಮಾಲ್‌ಗಳ ಬೇಸ್‌ಮೆಂಟ್‌ಗೆ ಇದು ಇಳಿಯುವುದಿಲ್ಲ. ಬುಕಿಂಗ್ ಒಪ್ಪಿಕೊಳ್ಳುವಾಗಲೇ ಲೋಡಿಂಗ್ ಎಲ್ಲಿಂದ ಅಂತ ಕೇಳಿಕೊಳ್ಳಬೇಕು.

ಕಂಪನಿ ಹೇಳುವ ಲೋಡ್ 1,680 ಕಿಲೋ. ನಾವು ಅಷ್ಟು ತುಂಬುವುದು ಅಪರೂಪ. ನಮ್ಮ ಸಾಮಾನಿಗೆ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ತುಂಬುವ ಕ್ರಮ ಮಾತ್ರ ಕಲಿಯಲೇಬೇಕು. ಮುಂದಿನ ಚಕ್ರ ಎಳೆಯುವ ಯಾವ ಗಾಡಿಯಲ್ಲೂ ಭಾರವೆಲ್ಲ ಹಿಂಬಾಗಿಲ ಹತ್ತಿರ ಬಿದ್ದರೆ ಮುಂದಿನ ಟೈರ್‌ನ ಹಿಡಿತ ಕಡಿಮೆಯಾಗುತ್ತದೆ. ಒದ್ದೆ ಮಣ್ಣಿನ ಮೈದಾನದಿಂದ ಏರಿ ಬರುವಾಗ ಚಕ್ರ ಸುಮ್ನೆ ತಿರುಗುತ್ತದೆ. ಬಾಸ್ ಬಾಕ್ಸ್‌ಗಳು ಕ್ಯಾಬಿನ್‌ಗೆ ಒತ್ತಿಕೊಂಡು ಕೂರಬೇಕು, ಆಮೇಲೆ ಆಂಪ್ ರ‍್ಯಾಕ್, ಕೊನೆಗೆ ಸ್ಟ್ಯಾಂಡು, ಕೇಬಲ್ಲು. ಬೆಲ್ಟ್ ಕಟ್ಟದೆ ಗಾಡಿ ಹೊರಡಿಸಬೇಡಿ. ಬ್ರೇಕ್ ಹಿಡಿದಾಗ 80 ಕಿಲೋ ಬಾಕ್ಸ್ ಎಲ್ಲಿಗೆ ಬರುತ್ತದೆ ಯೋಚಿಸಿ. ಇನ್ನೊಂದು, ಎಳೆಯುವುದೂ ತಿರುಗಿಸುವುದೂ ಮುಂದಿನ ಟೈರ್‌ಗಳೇ ಆದ್ದರಿಂದ ಅವು ಬೇಗ ಸವೆಯುತ್ತವೆ. ಹಿಂದು ಮುಂದು ಬದಲಾಯಿಸುತ್ತಿರಬೇಕು.

ಡೀಸೆಲ್ ಗಾಡಿ ತಗೊಳ್ಳುವವರು ಡಿಪಿಎಫ್ ಅನ್ನುವ ಹೊಗೆ ಫಿಲ್ಟರನ್ನು ಅರ್ಥ ಮಾಡಿಕೊಳ್ಳದೆ ತಗೊಳ್ಳಬಾರದು. ಇದು ಒಂದು ಬ್ರ್ಯಾಂಡಿನ ಮಾತಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ವ್ಯಾನ್‌ಗಳಿಗೆಲ್ಲ ಸೇರುವ ಮಾತು. ಹೊಗೆಯಲ್ಲಿರುವ ಮಸಿಯನ್ನು ಈ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿದರೆ ಹೊಗೆಯ ಬಿಸಿಗೆ ಆ ಮಸಿ ಉರಿದುಹೋಗುತ್ತದೆ. ಬಿಸಿ ಸಾಲದಿದ್ದರೆ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು ಫಿಲ್ಟರನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತದೆ. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಮಧ್ಯದಲ್ಲಿ ಎಂಜಿನ್ ಆಫ್ ಮಾಡಿದರೆ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಪದೇಪದೇ ಆದರೆ ಉರಿಯದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ.

ನಮ್ಮ ಡ್ರೈವರ್‌ಗೆ ಇದನ್ನು ಕೂರಿಸಿಕೊಂಡು ಹೇಳಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದರೆ ಗಾಬರಿ ಬೇಡ, ಆದರೆ ತಳ್ಳಿಹಾಕಲೂ ಬೇಡ. ಗೊರಗುಂಟೆಪಾಳ್ಯದ ಫ್ಲೈಓವರ್ ಹತ್ತಿ ನೆಲಮಂಗಲದ ಕಡೆಗೋ, ನೈಸ್ ರಸ್ತೆಗೋ ಹೋಗಿ ಒಂದೇ ವೇಗದಲ್ಲಿ ಓಡಿಸಿಕೊಂಡು ಬಾ ಅಂತ. ಹೊರಗಿನ ಊರಿನ ಕೆಲಸಗಳು ಇರುವುದರಿಂದ ನಮಗೆ ಇದು ತಲೆನೋವಾಗಿಲ್ಲ. ಆದರೆ ದಿನವೂ ನಾಲ್ಕೈದು ಕಿಲೋಮೀಟರ್ ಒಳಗೇ ಸುತ್ತುವ ಬೇಕರಿ ಸಪ್ಲೈ, ನೀರಿನ ಕ್ಯಾನ್ ಥರದ ಕೆಲಸ ಇದ್ದರೆ ಡೀಸೆಲ್ ಬೇಡವೇ ಬೇಡ. ಸಿಎನ್‌ಜಿ ಇಲ್ಲವೇ ಎಲೆಕ್ಟ್ರಿಕ್ ನೋಡಿ.

ಖರ್ಚಿನ ವಿಷಯ. ತುಂಬಿದ ಲೋಡ್‌ನಲ್ಲಿ ಊರೊಳಗೆ ಲೀಟರ್‌ಗೆ 10 ಕಿ.ಮೀ. ಆಸುಪಾಸು ಸಿಗುತ್ತದೆ, ಹೆದ್ದಾರಿಯಲ್ಲಿ 13ರ ಹತ್ತಿರ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದಾಗ ಡೀಸೆಲ್ 91 ರೂಪಾಯಿ ದಾಟಿತು. ಆಗಿನ ಲೆಕ್ಕದಲ್ಲಿ ಊರೊಳಗೆ ಕಿಲೋಮೀಟರ್‌ಗೆ 9 ರೂಪಾಯಿ ಬರೀ ಎಣ್ಣೆಗೇ. ಜಿಎಸ್‌ಟಿ ಕಟ್ಟುವವರು ಗೂಡ್ಸ್ ಗಾಡಿಯ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ಪ್ಯಾಸೆಂಜರ್ ಗಾಡಿಗೆ ಸಾಮಾನ್ಯವಾಗಿ ಆ ಅವಕಾಶ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಈಗ ತಗೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಒಳಗೆ ರ‍್ಯಾಕ್ ಮಾಡಿಸುವಾಗ ಹುಷಾರು. ನಾನು ಕೊಟ್ಟ ಗ್ಯಾರೇಜಿನವರು ಬೋಲ್ಟ್ ಹಾಕಿ ಅಂತ ಹೇಳಿದ್ದರೂ ಗಾಡಿಯ ಬಾಡಿಯ ಮೇಲೇ ವೆಲ್ಡಿಂಗ್ ಮಾಡಿದರು, ಸುಟ್ಟ ಜಾಗಕ್ಕೆ ಬಣ್ಣವನ್ನೂ ಬಳಿಯಲಿಲ್ಲ. ಒಂದೇ ಮಳೆಗಾಲಕ್ಕೆ ಅಲ್ಲಿ ತುಕ್ಕು ಬಂತು. ಮಾನೋಕಾಕ್ ಗಾಡಿಯಲ್ಲಿ ಬಾಡಿಯೇ ಬೆನ್ನೆಲುಬು, ಅದನ್ನು ಕಂಡಕಂಡಲ್ಲಿ ಸುಡುವುದು ದೊಡ್ಡ ತಪ್ಪು. ಎಲ್ಲ ಬಿಚ್ಚಿಸಿ, ತುಕ್ಕು ತೆಗೆಸಿ, ಪ್ರೈಮರ್ ಹೊಡೆಸಿ, ಬೇರೆಯವರ ಹತ್ತಿರ ಬೋಲ್ಟ್ ರ‍್ಯಾಕ್ ಹಾಕಿಸಿದೆ. ನೆಲಕ್ಕೆ ಪ್ಲೈವುಡ್, ಛಾವಣಿಗೆ ಶಾಖ ತಡೆಯುವ ಶೀಟ್ ಹಾಕಿಸುವುದು ಒಳ್ಳೆಯದು. ಏಪ್ರಿಲ್ ಬಿಸಿಲಲ್ಲಿ ನಿಂತ ಖಾಲಿ ತಗಡಿನ ವ್ಯಾನ್ ಒಳಗೆ ಡಿಜಿಟಲ್ ಮಿಕ್ಸರ್ ಇಡಲು ಆಗುವುದಿಲ್ಲ.

ಕಾಗದಪತ್ರದಲ್ಲಿ ಒಂದು ವಿಷಯ ಷೋರೂಮಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ತುಂಬಿದ ಲೋಡ್ ಸೇರಿ ಗಾಡಿಯ ಒಟ್ಟು ತೂಕ 3,000 ಕಿಲೋ ಒಳಗಿದ್ದರೆ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಈ ವ್ಯಾನ್ ಅದನ್ನು ದಾಟುತ್ತದೆ, ಹಾಗಾಗಿ ಪರ್ಮಿಟ್ ಬೇಕು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ವಿಷಯದಲ್ಲಿ ನೆಮ್ಮದಿ ಇದೆ: 7,500 ಕಿಲೋ ಒಳಗಿನ ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಮುಂದೆ ಡ್ರೈವರ್ ಜೊತೆ ಇಬ್ಬರಿಗೆ ಮಾತ್ರ ಜಾಗ. ಉಳಿದ ಹುಡುಗರನ್ನು ಹಿಂದೆ ಸಾಮಾನಿನ ಜೊತೆ ಕೂರಿಸಬೇಡಿ. ಕಾನೂನೂ ಒಪ್ಪುವುದಿಲ್ಲ, ಮುಚ್ಚಿದ ಗಾಡಿಯಲ್ಲಿ ಜೀವಕ್ಕೂ ಅಪಾಯ. ನಾವು ಅವರಿಗೆ ಊರೊಳಗೆ ಮೆಟ್ರೋ, ಆಟೋ ಖರ್ಚು, ಹೊರಗಿನ ಊರಿಗೆ ಬಸ್ ಚಾರ್ಜು ಕೊಡುತ್ತೇವೆ. ಬಿಲ್ ಹಾಕುವಾಗಲೇ ಅದನ್ನು ಸೇರಿಸಿಕೊಳ್ಳಿ.

ಷೋರೂಮಿನವರು ಟೆಸ್ಟ್ ಡ್ರೈವ್‌ಗೆ ಖಾಲಿ ಗಾಡಿ ಕೊಡುತ್ತಾರೆ. ಖಾಲಿ ಓಡಿಸಿದರೆ ಎಲ್ಲ ಗಾಡಿಯೂ ಚೆಂದ. ಗಾಡಿಯನ್ನು ನಿಮ್ಮ ಗೋಡೌನ್‌ಗೆ ತರಿಸಿ. ನಿಮ್ಮ ಹತ್ತಿರ ಇರುವ ಅತಿ ಭಾರದ ಬಾಕ್ಸನ್ನು ದಿನವೂ ಎತ್ತುವ ಹುಡುಗರ ಕೈಲೇ ಹತ್ತಿಸಿ, ಇಳಿಸಿ ನೋಡಿ. ಯಾವ ಗಾಡಿ ಅಂತ ಅವರನ್ನೇ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.