ವರ್ಲ್ಡ್ ಸಿನಿಮಾ ಪ್ರಾಜೆಕ್ಟ್: 4 ಪೆಟ್ಟಿಗೆ, 24 ಸಿನಿಮಾ, ನಮ್ಮ ಮನೆಯ ಭಾನುವಾರಗಳು

ಈ ಸಿನಿಮಾ ಡಿಸ್ಕುಗಳ ಮೊದಲ ಪೆಟ್ಟಿಗೆ ನಮ್ಮ ಮನೆಗೆ ಬಂದಿದ್ದು 2018ರಲ್ಲಿ, ಅಕ್ಕನ ಸೂಟ್‌ಕೇಸಿನಲ್ಲಿ. ಅವಳು ಇರುವುದು ನ್ಯೂಜೆರ್ಸಿಯಲ್ಲಿ. ಅಲ್ಲಿನ ವಿಳಾಸಕ್ಕೆ ತರಿಸಿಕೊಂಡು, ಸ್ವೆಟರ್ ಮಧ್ಯೆ ಸುತ್ತಿ ಜೋಪಾನವಾಗಿ ತಂದಿದ್ದಳು. ಆಮೇಲೆ ಪ್ರತಿ ಸಲ ಬಂದಾಗಲೂ ಒಂದೊಂದು. ಈಗ ಮೊದಲ ನಾಲ್ಕೂ ನನ್ನ ಕಪಾಟಿನಲ್ಲಿವೆ. ಇಷ್ಟು ವರ್ಷ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಏನಿದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜಗತ್ತಿನ ಮೂಲೆಮೂಲೆಯಲ್ಲಿ ಹಾಳಾಗುತ್ತಿರುವ ಸಿನಿಮಾಗಳನ್ನು ಹುಡುಕಿ ಉಳಿಸಬೇಕು ಅಂತ ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ 2007ರಲ್ಲಿ ಒಂದು ಕೆಲಸ ಶುರು ಮಾಡಿದರು. ಅದೇ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್. ಹಾಗೆ ಉಳಿಸಿದ ಸಿನಿಮಾಗಳನ್ನು ಅಮೆರಿಕದ ಕ್ರೈಟೀರಿಯನ್ ಅನ್ನುವ ಡಿಸ್ಕ್ ಕಂಪನಿ ಆರಾರರಂತೆ ಪೆಟ್ಟಿಗೆಯಲ್ಲಿ ತಂದಿದೆ. ಮೊದಲನೆಯದು 2013ರಲ್ಲಿ, ನಾಲ್ಕನೆಯದು 2022ರಲ್ಲಿ. ಸೆನೆಗಲ್, ಮೊರಾಕೊ, ಕ್ಯೂಬಾ, ಇಂಡೋನೇಷ್ಯಾ, ಕಜಕಸ್ತಾನ್, ಅಂಗೋಲಾ... ಈ ದೇಶಗಳ ಸಿನಿಮಾ ನಮಗೆ ಟಿವಿಯಲ್ಲಿ ಎಲ್ಲಿ ಸಿಗುತ್ತಿತ್ತು ಹೇಳಿ?

ನಮ್ಮ ಮನೆಯಲ್ಲಿ ಅತಿ ಜಾಸ್ತಿ ಸಲ ನೋಡಿದ್ದು ಮೊದಲ ಪೆಟ್ಟಿಗೆಯ 'ಡ್ರೈ ಸಮರ್'. ಟರ್ಕಿಯದು, 1964ರದು. ಮೆತಿನ್ ಎರ್ಕ್ಸಾನ್ ನಿರ್ದೇಶನ. ಆ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದ ಸಿನಿಮಾ. ಕಥೆ ಇಷ್ಟೇ. ಊರಿನ ನೀರಿನ ಸೆಲೆ ಇರುವುದು ಒಬ್ಬನ ಜಮೀನಿನಲ್ಲಿ. ಬೇಸಿಗೆ ಬಂತು. ಅವನು ಒಡ್ಡು ಕಟ್ಟಿ ನೀರು ನಿಲ್ಲಿಸಿಬಿಡುತ್ತಾನೆ. ಕೆಳಗಿನ ಹೊಲಗಳೆಲ್ಲ ಒಣಗುತ್ತವೆ. ತಮ್ಮ ಬೇಡ ಅಂದರೂ ಅಣ್ಣ ಕೇಳುವುದಿಲ್ಲ.

ಅಪ್ಪ ಮಂಡ್ಯದ ಕಡೆಯವರು, ನಾಲೆ ನೀರಿನಲ್ಲೇ ಬದುಕಿದವರು. ಅವತ್ತು ಸುಮ್ನೆ ಪಕ್ಕದಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಸಬ್‌ಟೈಟಲ್ ಇರುವುದು ಇಂಗ್ಲಿಷಿನಲ್ಲಿ, ಅವರಿಗೆ ಅಷ್ಟು ಬೇಗ ಓದಲು ಆಗುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪೇಪರ್ ಕೆಳಗಿತ್ತು. 'ಏನಂದ ಅವನು?' ಅಂತ ಕೇಳಿದರು. ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ರಾತ್ರಿ ಕದ್ದು ನೀರು ಬಿಡುವ ಜಾಗ ಬಂದಾಗ ಅಪ್ಪ ಅಂದರು: 'ಊರಿಗೊಬ್ಬ ನೀರುಗಂಟಿ ಇಲ್ಲದಿದ್ದರೆ ಹಿಂಗೇ ಆಗೋದು.' ಟರ್ಕಿಯ ಹಳ್ಳಿಯ ಜಗಳ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಒಂದು ಡಿಸ್ಕ್ ಹಾಕುವುದು ರೂಢಿಯಾಯಿತು. ನಾನು ಮಾತು ಹೇಳುವುದು, ಅವರು ನೋಡುವುದು.

ಅದೇ ಪೆಟ್ಟಿಗೆಯಲ್ಲಿ ಋತ್ವಿಕ್ ಘಟಕ್ 1973ರಲ್ಲಿ ಬಾಂಗ್ಲಾದೇಶದಲ್ಲಿ ಮಾಡಿದ 'ತಿತಾಸ್ ಏಕ್‌ಟಿ ನದೀರ್ ನಾಮ್' ಇದೆ. ಮೀನುಗಾರರ ಊರು, ನದಿ ಬತ್ತಿದ ಮೇಲೆ ಹೇಗೆ ಚೂರುಚೂರಾಗುತ್ತದೆ ಅನ್ನುವ ಕಥೆ. ಮೊದಲ ಸಲ ನೋಡಿದಾಗ ಯಾರು ಯಾರ ಮಗ, ಯಾರು ಯಾರ ಹೆಂಡತಿ ಅಂತ ನನಗೆ ದಾರಿ ತಪ್ಪಿತ್ತು. ಡಿಸ್ಕಿನಲ್ಲಿ ನಿರ್ದೇಶಕ ಕುಮಾರ್ ಶಹಾನಿ ಈ ಸಿನಿಮಾ ಬಗ್ಗೆ ಮಾತಾಡಿದ್ದಾರೆ. ಅದನ್ನು ಕೇಳಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಕೊನೆಯಲ್ಲಿ ಒಣ ಮರಳು ಬಗೆದು ನೀರಿಗಾಗಿ ಹುಡುಕುವ ಹೆಂಗಸನ್ನು ಮರೆಯಲು ನನ್ನಿಂದ ಇವತ್ತಿಗೂ ಆಗಿಲ್ಲ.

ಸಿನಿಮಾಗಳು ಹಿಡಿದಿಟ್ಟಷ್ಟೇ ನನ್ನನ್ನು ಹಿಡಿದಿಟ್ಟಿದ್ದು ಅವು ಉಳಿದು ಬಂದ ರೀತಿ. ಇರಾನಿನ 'ಚೆಸ್ ಆಫ್ ದ ವಿಂಡ್' ನೋಡಿ. ಮೊಹಮ್ಮದ್ ರೆಜಾ ಅಸ್ಲಾನಿ ಮಾಡಿದ್ದು, 1976ರಲ್ಲಿ. ಅಲ್ಲಿನ 1979ರ ಕ್ರಾಂತಿಯ ನಂತರ ಅದಕ್ಕೆ ನಿಷೇಧ ಬಿತ್ತು. ಕಳೆದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. 2014ರಲ್ಲಿ ಟೆಹ್ರಾನಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅದರ ನೆಗೆಟಿವ್ ನಿರ್ದೇಶಕರ ಮಕ್ಕಳಿಗೆ ಸಿಕ್ಕಿತು! ಗುಟ್ಟಾಗಿ ಪ್ಯಾರಿಸ್ಸಿಗೆ ಕಳಿಸಿ ಸರಿಪಡಿಸಿದರು. ಮೇಣದಬತ್ತಿಯ ಬೆಳಕಿನಲ್ಲಿ ತೆಗೆದ ಆ ದೊಡ್ಡ ಮನೆಯ ದೃಶ್ಯಗಳನ್ನು ನೋಡುವಾಗ, ಇದು ರದ್ದಿಗೆ ಹೋಗಿಬಿಡುತ್ತಿತ್ತಲ್ಲಾ ಅಂತ ಎದೆ ಧಸಕ್ಕೆನ್ನುತ್ತದೆ. ಇರಾನಿನವರೇ ಆದ ಬಹ್ರಾಮ್ ಬೈಜಾಯಿ ಅವರ 'ಡೌನ್‌ಪೋರ್' ಉಳಿದಿದ್ದು ಅವರ ಹತ್ತಿರವೇ ಇದ್ದ ಒಂದೇ ಒಂದು ಪ್ರಿಂಟಿನಿಂದ. ಟರ್ಕಿಯ 'ಲಾ ಆಫ್ ದ ಬಾರ್ಡರ್' ಕೂಡ ಹಾಗೆಯೇ, 1980ರ ಮಿಲಿಟರಿ ದಂಗೆ ದಾಟಿ ಬಂದಿದ್ದು ಒಂದೇ ಪ್ರಿಂಟು.

ಹಾಗಾಗಿ ಚಿತ್ರದ ಗುಣಮಟ್ಟದ ಬಗ್ಗೆ ಒಂದು ಮಾತು. ಎಲ್ಲವೂ ಹೊಸದರ ಹಾಗೆ ಹೊಳೆಯುತ್ತದೆ ಅಂತ ಅಂದುಕೊಳ್ಳಬೇಡಿ. ಕೊರಿಯಾದ 'ದ ಹೌಸ್‌ಮೇಡ್' (1960) ಅದ್ಭುತವಾಗಿ ಕಾಣುತ್ತಿರುತ್ತದೆ, ನಡುವೆ ಇದ್ದಕ್ಕಿದ್ದಂತೆ ಮಬ್ಬಾಗುತ್ತದೆ. ಅದರ ಎರಡು ರೀಲು ಕಾಣೆಯಾಗಿದ್ದವು. ಬೇರೆ ಪ್ರಿಂಟಿನಲ್ಲಿ ಸಿಕ್ಕಾಗ ಅವುಗಳ ಮೇಲೆ ದೊಡ್ಡ ಅಕ್ಷರದ ಕೈಬರಹದ ಇಂಗ್ಲಿಷ್ ಸಬ್‌ಟೈಟಲ್ ಇತ್ತು. ಅದನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾರೆ. ನನಗೆ ಆ ಮಬ್ಬು ಈಗ ಇಷ್ಟ. ಆ ಸಿನಿಮಾ ದಾಟಿ ಬಂದ ದಾರಿ ಅಲ್ಲಿ ಕಾಣುತ್ತದೆ.

ನಾಲ್ಕನೇ ಪೆಟ್ಟಿಗೆ ಅಮ್ಮನದು. ಅದರಲ್ಲಿ ಉದಯ್ ಶಂಕರ್ ಅವರ 'ಕಲ್ಪನಾ' (1948) ಇದೆ. ಆ ಮಹಾನ್ ನೃತ್ಯಗಾರ ಮಾಡಿದ ಒಂದೇ ಸಿನಿಮಾ. ತೆಗೆದಿದ್ದು ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ. ಸುಮಾರು ಎರಡೂವರೆ ಗಂಟೆ, ಮುಕ್ಕಾಲು ಪಾಲು ಕುಣಿತವೇ. ಇನ್ನೂ ಹುಡುಗಿಯಾಗಿದ್ದ ನಟಿ ಪದ್ಮಿನಿಯನ್ನು ಅಮ್ಮ ಗುರುತು ಹಿಡಿದಾಗ ಅವರ ಮುಖ ನೋಡಬೇಕಿತ್ತು. ಯಂತ್ರಗಳ ನಡುವಿನ ಕೂಲಿಕಾರರ ನೃತ್ಯವನ್ನು ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದರು. ಇದನ್ನು ಸರಿಪಡಿಸಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ, ಉದಯ್ ಶಂಕರ್ ಜೊತೆ ಅದರಲ್ಲಿ ನಟಿಸಿದ್ದ ಅವರ ಪತ್ನಿ ಅಮಲಾ ಶಂಕರ್ ಅಲ್ಲಿಗೆ ಹೋಗಿದ್ದರು, ತೊಂಬತ್ತು ದಾಟಿದ ವಯಸ್ಸಿನಲ್ಲಿ.

ಒಂದು ಎಚ್ಚರಿಕೆ. ಸೆನೆಗಲ್‌ನ 'ತೂಕಿ ಬೂಕಿ' ಮತ್ತು ಫಿಲಿಪೀನ್ಸ್‌ನ 'ಇನ್ಸಿಯಾಂಗ್' ಎರಡೂ ಶುರುವಾಗುವ ಹೊತ್ತಿಗೇ ಕಸಾಯಿಖಾನೆಯ ದೃಶ್ಯ ಬರುತ್ತದೆ. ನಿಜವಾದ ದೃಶ್ಯ. ಅಮ್ಮ ಎದ್ದು ಹೋದರು. ಮನೆಮಂದಿಯ ಜೊತೆ ನೋಡುವವರು ಮೊದಲೇ ಹೇಳಿಟ್ಟಿರಿ. ಬ್ರೆಜಿಲ್‌ನ 'ಲಿಮಿತೆ' (1931) ಮಾತಿಲ್ಲದ, ಬಹಳ ನಿಧಾನದ ಸಿನಿಮಾ. ಮೂರು ಸಲ ಶುರು ಮಾಡಿ ನಾಲ್ಕನೇ ಸಲ ಮುಗಿಸಿದೆ. ಅದನ್ನು ಮೊದಲು ಹಾಕಬೇಡಿ.

ಕೊಳ್ಳುವ ಮುಂಚೆ ಗೊತ್ತಿರಬೇಕಾದ ಮುಖ್ಯ ವಿಷಯ: ಬ್ಲೂ-ರೇ ಡಿಸ್ಕುಗಳಿಗೆ ಜಗತ್ತನ್ನು ರೀಜನ್ ಎ, ಬಿ, ಸಿ ಅಂತ ಭಾಗ ಮಾಡಿದ್ದಾರೆ; ಇವು ರೀಜನ್ ಎ ಡಿಸ್ಕ್. ಭಾರತ ಇರುವುದು ರೀಜನ್ ಸಿಯಲ್ಲಿ. ಇಲ್ಲಿನ ಮಾಮೂಲಿ ಪ್ಲೇಯರಿನಲ್ಲಿ ಓಡುವುದಿಲ್ಲ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಪ್ರತಿ ಪೆಟ್ಟಿಗೆಯಲ್ಲಿ ಅದೇ ಆರು ಸಿನಿಮಾ ಬ್ಲೂ-ರೇಯಲ್ಲೂ ಡಿವಿಡಿಯಲ್ಲೂ ಇವೆ. ನನಗೆ ಡಿವಿಡಿ ಬೇಕಿರಲಿಲ್ಲ. ಬೆಲೆ ಕಡಿಮೆಯೇನಲ್ಲ. ಅಮೆರಿಕದಲ್ಲಿ ನೆಂಟರಿದ್ದರೆ ಅರ್ಧ ಬೆಲೆಯ ಮಾರಾಟ ಬರುವವರೆಗೆ ಕಾದು ತರಿಸಿ. ಒಂದೇ ಕೊಳ್ಳುವುದಾದರೆ ಮೊದಲನೆಯದು, ಎರಡಾದರೆ ಜೊತೆಗೆ ನಾಲ್ಕನೆಯದು.

ನಮ್ಮ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಕೂಡ ಇದೇ ಪ್ರಾಜೆಕ್ಟ್ ಮತ್ತು ಹಳೇ ಸಿನಿಮಾ ಉಳಿಸುವ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸದಿಂದ ಹೊಸ ಜೀವ ಪಡೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರ ಡಿಸ್ಕ್ ಕೈಗೆ ಬಂದ ದಿನ ಅಪ್ಪನಿಗೆ ಒಂದು ಮಾತೂ ಹೇಳಿಕೊಡಬೇಕಾಗಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ನಾನೂ ನೋಡುತ್ತೇನೆ.