ಅಳತೆ ಮಾಡಿ ಬಿಚ್ಚುವ ಯಜಮಾನರು: ಮಂಡ್ಯದಲ್ಲಿ ನಮ್ಮ ಹಳೇ ಅಂಬಾಸಿಡರ್‌ಗೆ ವೈರಿಂಗ್ ರಿಪೇರಿ

ಹಳೇ ಕಾರಿನ ವೈರಿಂಗ್ ಕೆಲಸಕ್ಕೆ ಮಂಡ್ಯ, ಮೈಸೂರು ಕಡೆ ನಂಬಬಹುದಾದವರು ಯಾರಾದರೂ ಇದ್ದಾರಾ ಅಂತ ಕೇಳುವವರಿಗೆ ನನ್ನ ಉತ್ತರ: ಇದ್ದಾರೆ. ಮಂಡ್ಯದ ಗುತ್ತಲು ರಸ್ತೆ ಕಡೆ ಒಂದು ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿ. ಟ್ರ್ಯಾಕ್ಟರ್, ಕಬ್ಬಿನ ಲಾರಿ, ಗೂಡ್ಸ್ ಆಟೋಗಳೇ ಅಲ್ಲಿಗೆ ಜಾಸ್ತಿ ಬರುವುದು. ಹೆಸರು ಬರೆಯಬೇಡಿ ಅಂತ ಯಜಮಾನರು ಕೇಳಿಕೊಂಡಿದ್ದಾರೆ. ಈಗಿರುವ ಕೆಲಸವೇ ಅವರಿಗೆ ಕೈ ಮೀರಿದೆ. ಹಾಗಾಗಿ ಹೆಸರು ಬಿಟ್ಟು ಅವರು ಕೆಲಸ ಮಾಡುವ ರೀತಿಯನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮ ಊರಿನಲ್ಲಿ ಮೆಕ್ಯಾನಿಕ್ ಹುಡುಕುವಾಗ ಯಾವುದನ್ನು ಗಮನಿಸಬೇಕು ಅನ್ನುವುದು ಇದರಿಂದ ತಿಳಿಯುತ್ತದೆ.

ನಮ್ಮದು 1968ರ ಅಂಬಾಸಿಡರ್ ಮಾರ್ಕ್ 2, 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪನ ಗಾಡಿ. ಬಹಳ ವರ್ಷ ಶೆಡ್ಡಿನಲ್ಲಿ ನಿಂತಿತ್ತು. ತಗಡಿನ ಕೆಲಸ, ಪೇಂಟು ಎಲ್ಲ ಮೈಸೂರಿನಲ್ಲಿ ಆಯಿತು, ತುಂಬಾ ಚೆನ್ನಾಗಿ ಆಯಿತು. ಆದರೆ ಪೇಂಟ್ ಆಗಿ ಬಂದ ಮೇಲೆ ಕರೆಂಟಿನ ತೊಂದರೆ ಒಂದರ ಹಿಂದೆ ಒಂದು ಶುರುವಾಯಿತು. ಸೆಲ್ಫ್ ಹೊಡೆದರೆ ಎಂಜಿನ್ ನರಳಿಕೊಂಡು ತಿರುಗುತ್ತಿತ್ತು. ಹೆಡ್‌ಲೈಟ್ ಮಂಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ನಿಲ್ಲುತ್ತಿತ್ತು. ಕೆಲವು ದಿನ ಓಡಿಸದೆ ಬಿಟ್ಟರೆ ಬ್ಯಾಟರಿ ಡೌನ್. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಆರುತ್ತಲೇ ಇರಲಿಲ್ಲ. ಮೊದಲು ತೋರಿಸಿದ ಒಂದು ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿಸಿದರು. ಆಮೇಲೆ ಸೆಲ್ಫ್ ಮೋಟಾರ್ ಬದಲಾಯಿಸಿದರು. ಮುಂದೆ ಬ್ಯಾಟರಿಗೆ ಚಾರ್ಜ್ ಕೊಡುವ ಹಳೇ ಡೈನಮೊ ತೆಗೆದು, ಅದೇ ಕೆಲಸ ಮಾಡುವ ಈಚಿನ ಕಾಲದ ಆಲ್ಟರ್ನೇಟರ್ ಹಾಕೋಣ ಅಂದರು. ತೊಂದರೆ ಮಾತ್ರ ಇದ್ದ ಹಾಗೇ ಇತ್ತು.

ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವಳು. ಓಮ್‌ನ ನಿಯಮವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ನಿಯಮವನ್ನು ಇಷ್ಟು ನೇರವಾಗಿ ಕೆಲಸಕ್ಕೆ ಹಚ್ಚುವವರನ್ನು ನೋಡಿದ್ದು ಈ ಅಂಗಡಿಯಲ್ಲೇ.

ಯಜಮಾನರು ಬಾನೆಟ್ ಎತ್ತಿದ ಕೂಡಲೇ ನೋಡಿದ್ದು ಬ್ಯಾಟರಿಯ ಯಾವ ಟರ್ಮಿನಲ್ ಗಾಡಿಯ ಬಾಡಿಗೆ, ಅಂದರೆ ತಗಡಿನ ಮೈಗೆ, ಸೇರಿದೆ ಅನ್ನುವುದನ್ನು. ಹೀಗೆ ಬಾಡಿಗೆ ಸೇರುವುದನ್ನೇ ಅರ್ತ್ ಅನ್ನುತ್ತಾರೆ. ಆ ಕಾಲದ ಬ್ರಿಟಿಷ್ ವಿನ್ಯಾಸದ ಎಷ್ಟೋ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಅದನ್ನು ನೋಡಿಕೊಳ್ಳದೆ ಬ್ಯಾಟರಿ ಹಾಕಿದರೆ, ಆಮೇಲೆ ಸೇರಿಸಿದ ಎಲೆಕ್ಟ್ರಾನಿಕ್ ಸಾಮಾನು ಸುಟ್ಟುಹೋಗಬಹುದು. ನಮ್ಮದು ನೆಗೆಟಿವ್ ಅರ್ತ್. ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡರು. ಸ್ಪ್ಯಾನರ್ ಇನ್ನೂ ಕೈಗೆ ತೆಗೆದುಕೊಂಡಿರಲಿಲ್ಲ. "ಅಳ್ತೆ ಮಾಡ್ದೆ ಬಿಚ್ಬಾರ್ದು ಕಣವ್ವ. ಬಿಚ್ಚಿದ್ಮೇಲೆ ತೊಂದ್ರೆ ಎಲ್ಲಿತ್ತು ಅಂತ ಗೊತ್ತಾಗಕಿಲ್ಲ," ಅಂದರು.

ಸೆಲ್ಫ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇಟ್ಟರು. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರೀ ಕಬ್ಬಿಣಕ್ಕೆ ಒತ್ತಿದರು. "ಈಗ ಸೆಲ್ಫ್ ಹೊಡೀರಿ" ಅಂದರು. ಮೀಟರ್ 2.1 ವೋಲ್ಟ್ ತೋರಿಸಿತು. ಎರಡೂ ಅರ್ತೇ. ಹಾಗಾಗಿ ಅವುಗಳ ಮಧ್ಯೆ ಸೊನ್ನೆಯ ಹತ್ತಿರ ಇರಬೇಕಿತ್ತು. ಸೆಲ್ಫ್ ತಿರುಗುವಾಗಲೂ ಅಲ್ಲಿ 0.2 ವೋಲ್ಟ್‌ಗಿಂತ ಜಾಸ್ತಿ ಇರಬಾರದು. ಅಂದರೆ ಸೆಲ್ಫ್‌ಗೆ ಸಿಗಬೇಕಾದ ವೋಲ್ಟೇಜಿನಲ್ಲಿ ಎರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಅಂಬಾಸಿಡರ್ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫ್‌ನ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗಬೇಕಾದರೆ ಎಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ನಮ್ಮ ಗಾಡಿಯಲ್ಲಿ ಆ ಪಟ್ಟಿ ಇತ್ತು, ಬೋಲ್ಟೂ ಬಿಗಿಯಾಗಿತ್ತು. ಆದರೆ ಅದನ್ನು ಕೂರಿಸಿದ್ದು ಹೊಸ ಪೇಂಟಿನ ಮೇಲೆ. ಬೋಲ್ಟಿನ ಎಳೆಯ ಮೂಲಕ ಏನೋ ಸ್ವಲ್ಪ ಕರೆಂಟ್ ಹೋಗುತ್ತಿತ್ತು, ಅಷ್ಟೇ. ಉಳಿದದ್ದು ಚೋಕ್ ಕೇಬಲ್ ಮೂಲಕ ದಾರಿ ಹುಡುಕಿಕೊಂಡಿತ್ತು. ಸೆಲ್ಫ್ ಹೊಡೆದ ಮೇಲೆ ಕೇಬಲ್ ಮುಟ್ಟಿ ನೋಡಿ ಅಂದರು. ಬಿಸಿಯಾಗಿತ್ತು. ಹೀಗೇ ಬಿಟ್ಟಿದ್ದರೆ ಒಂದು ದಿನ ಅದು ಸುಟ್ಟು ಅಂಟಿಕೊಳ್ಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇದೇ ಜಾಗವನ್ನು ಗಾಡಿ ನಿಲ್ಲಿಸಿಕೊಂಡು ಓಮ್ ಮೀಟರಿನಲ್ಲಿ ನೋಡಿದರೆ ಸೊನ್ನೆ ಅಂತಲೇ ತೋರಿಸುತ್ತದೆ. ಸೆಲ್ಫ್ ಎಳೆಯುವುದು 100 ಆಂಪಿಯರ್‌ಗಿಂತ ಜಾಸ್ತಿ. ಬರೀ 0.02 ಓಮ್ ಅಡ್ಡ ಬಂದರೂ 2 ವೋಲ್ಟ್ ಹೋಯಿತು. ಸಾಧಾರಣ ಮೀಟರ್ 0.02 ಓಮನ್ನು ಸರಿಯಾಗಿ ಅಳೆಯಲಾರದು. ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆದರೆ ಮಾತ್ರ ಈ ದೋಷ ಕಣ್ಣಿಗೆ ಬೀಳುತ್ತದೆ. ಹೊಸ ಬ್ಯಾಟರಿ, ಹೊಸ ಸೆಲ್ಫ್ ಎರಡಕ್ಕೂ ಕಾಸು ಖರ್ಚಾಗುವ ಮೊದಲು ಯಾರಾದರೂ ಈ ಒಂದು ಅಳತೆ ಮಾಡಬೇಕಿತ್ತು. ಅದಕ್ಕೆ ಬೇಕಾಗಿದ್ದು ಎರಡೇ ನಿಮಿಷ.

ಪೇಂಟ್ ಕೆರೆದು, ಉಪ್ಪು ಕಾಗದ ಹಾಕಿ ತಿಕ್ಕಿ, ಹೊಸ ಪಟ್ಟಿ ಕೂರಿಸಿ, ತುಕ್ಕು ಹಿಡಿಯದ ಹಾಗೆ ಮೇಲೆ ಗ್ರೀಸ್ ಹಚ್ಚಿದರು. ಮತ್ತೆ ಅಳೆದರೆ 0.15 ವೋಲ್ಟ್. ಹಳೇ ಗಾಡಿಗೆ ಪೇಂಟ್ ಮಾಡಿಸುವವರು ದಯವಿಟ್ಟು ಇದನ್ನು ನೆನಪಿಡಿ. ಬಾಡಿಗೆ ಅರ್ತ್ ಕೂರುವ ಪ್ರತಿಯೊಂದು ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಪೇಂಟ್ ಆಗಿ ಬಂದ ಮೇಲೆ ಅಷ್ಟೂ ಜಾಗ ಕೆರೆಸಿ. ಹಿಂದಿನ ಲೈಟಿನದ್ದೂ ಇದೇ ಕಥೆ. ಬ್ರೇಕ್ ಲೈಟಿಗೆ ಸರಿಯಾದ ಅರ್ತ್ ಸಿಗದೆ ಕರೆಂಟ್ ಪಕ್ಕದ ಇಂಡಿಕೇಟರ್ ಬಲ್ಬಿನ ಮೂಲಕ ವಾಪಸ್ ಹೋಗುತ್ತಿತ್ತು. ಹೋಲ್ಡರಿನ ಕೆಳಗೆ ಕೆರೆದದ್ದೇ ಸರಿಹೋಯಿತು.

ಹೆಡ್‌ಲೈಟ್ ವಿಷಯಕ್ಕೆ ಬಂದಾಗ ಅವರು ಕೊಟ್ಟ ಉದಾಹರಣೆ ನಮ್ಮೂರಿನ ವಿಶ್ವೇಶ್ವರಯ್ಯ ನಾಲೆಯದ್ದೇ. "ವಿ.ಸಿ. ನಾಲೇಲಿ ನೀರು ಬಿಟ್ರೂ ಕಡೇ ಗದ್ದೆಗೆ ಎಷ್ಟು ಬತ್ತದೆ ಅಂತ ನೋಡ್ಬೇಕಲ್ವಾ?" ದೀಪ ಉರಿಯುತ್ತಿರುವಾಗಲೇ ಅಳೆದರು. ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಹಿಂದೆ 10.1. ವೋಲ್ಟೇಜ್ ಇಷ್ಟು ಇಳಿದರೆ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ಲೆಕ್ಕ ಹಾಕಿದರೆ ನಮಗೆ ಸಿಗುತ್ತಿದ್ದದ್ದು ಸುಮಾರು ಅರ್ಧ ಬೆಳಕು. ಐವತ್ತು ವರ್ಷಕ್ಕಿಂತ ಹಳೆಯ ಸ್ವಿಚ್ಚು, ಉದ್ದದ ವೈರು, ಕಪ್ಪಾದ ಬುಲೆಟ್ ಕನೆಕ್ಟರ್‌ಗಳು, ಎಲ್ಲ ಸೇರಿ ಉಳಿದದ್ದನ್ನು ತಿನ್ನುತ್ತಿದ್ದವು. ಕನೆಕ್ಟರ್ ಸ್ವಚ್ಛ ಮಾಡಿ, ಹೈ ಬೀಮಿಗೊಂದು ಡಿಮ್ಮಿಗೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿದರು. ಬ್ಯಾಟರಿಯಿಂದ ನೇರ ದಪ್ಪ ವೈರ್, ಮಧ್ಯೆ ಫ್ಯೂಸ್. ಈಗ ಹಳೇ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿಗೆ ಬೇಕಾದಷ್ಟು ಮಾತ್ರ, ಸುಮಾರು 0.2 ಆಂಪಿಯರ್. ಮೊದಲು ಅದರ ಮೂಲಕ 9 ಆಂಪಿಯರ್ ಹರಿಯುತ್ತಿತ್ತು. ರಿಲೇಗಳನ್ನು ಗ್ರಿಲ್ಲಿನ ಹಿಂದೆ ಕಾಣದ ಹಾಗೆ ಕೂರಿಸಿದ್ದಾರೆ. ಗಾಡಿಯ ಹಳೇ ರೂಪ ಹಾಗೇ ಉಳಿಯಿತು.

ಬ್ಯಾಟರಿ ಡೌನ್ ಆಗುತ್ತಿದ್ದಕ್ಕೆ ಕಾರಣ, ಯಾವ ಕಾಲದಲ್ಲೋ ಹಾಕಿದ್ದ ಟೇಪ್ ರೆಕಾರ್ಡರ್‌ನ ಸದ್ದು ಹೆಚ್ಚಿಸುವ ಬೂಸ್ಟರ್. ಟೇಪ್ ತೆಗೆದು ಎಷ್ಟೋ ವರ್ಷವಾಗಿದೆ. ಬೂಸ್ಟರ್ ಮಾತ್ರ ಹಿಂದಿನ ಸೀಟಿನ ಕೆಳಗೆ ಉಳಿದಿತ್ತು, ಕರೆಂಟೂ ಬರುತ್ತಿತ್ತು. ಎಲ್ಲ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರನ್ನು ಆಂಪಿಯರ್‌ಗೆ ಹಾಕಿ ಮಧ್ಯೆ ಜೋಡಿಸಿದಾಗ 0.3 ಆಂಪಿಯರ್ ಕಾಣಿಸಿತು. ದಿನಕ್ಕೆ 7 ಆಂಪಿಯರ್-ಅವರ್ ಆಯಿತು. ವಾರದಲ್ಲಿ ಸಾಧಾರಣ ಕಾರ್ ಬ್ಯಾಟರಿ ಬಹುಪಾಲು ಖಾಲಿ. ಮೀಟರ್ ಹೀಗೆ ಜೋಡಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ನಮ್ಮ ಗಾಡಿಯ ಮೂಲ ವೈರಿಂಗಿನಲ್ಲಿ ಇರುವುದು ಎರಡೇ ಫ್ಯೂಸ್. ಎರಡನ್ನೂ ತೆಗೆದರೂ ಆ 0.3 ಆಂಪಿಯರ್ ಕದಲಲಿಲ್ಲ. ಅಂದರೆ ಯಾರೋ ಫ್ಯೂಸ್ ದಾಟದೆ ಬರುವ ಕಂದು ವೈರಿಗೆ ಜೋಡಿಸಿದ್ದಾರೆ ಅಂತ ಅಲ್ಲೇ ಗೊತ್ತಾಯಿತು.

ಆ ಬಣ್ಣಗಳ ಲೆಕ್ಕ ಅವರಿಗೆ ಬಾಯಿಪಾಠ. ಬ್ರಿಟಿಷ್ ಗಾಡಿಗಳ ಎಲೆಕ್ಟ್ರಿಕಲ್ ಸಾಮಾನು ಮಾಡುತ್ತಿದ್ದ ಲ್ಯೂಕಸ್ ಕಂಪನಿಯ ಪದ್ಧತಿಯಲ್ಲಿ ಕಂದು ಅಂದರೆ ಬ್ಯಾಟರಿಯಿಂದ ನೇರ. ಬಿಳಿ ಅಂದರೆ ಕೀ ಹಾಕಿದ ಮೇಲೆ ಬರುವುದು. ಹಸಿರು ಅಂದರೆ ಕೀ ಮತ್ತು ಫ್ಯೂಸ್ ಎರಡನ್ನೂ ದಾಟಿ ಬಂದದ್ದು. ನೇರಳೆ ಅಂದರೆ ಫ್ಯೂಸ್ ದಾಟಿದೆ, ಕೀ ಬೇಕಿಲ್ಲ. ನೀಲಿ ಹೆಡ್‌ಲೈಟ್, ಕೆಂಪು ಪಾರ್ಕ್ ಲೈಟ್, ಕಪ್ಪು ಅರ್ತ್. ಹಳೇ ವೈರಿನ ಹತ್ತಿ ಹೊದಿಕೆಯ ಬಣ್ಣ ಹೊರಗೆ ಪೂರ್ತಿ ಮಾಸಿರುತ್ತದೆ. ಟೇಪ್ ಸುತ್ತಿದ ಜಾಗ ಬಿಡಿಸಿದರೆ ಒಳಗೆ ನಿಜವಾದ ಬಣ್ಣ ಸಿಗುತ್ತದೆ. ಅವರು ಹಾಗೇ ನೋಡುತ್ತಾರೆ. ಹಿಂದೆ ಕೈ ಹಾಕಿದವರು ಎಲ್ಲ ಕಡೆ ಒಂದೇ ಕೆಂಪು ವೈರ್ ಎಳೆದಿದ್ದರು. ಅದೂ ಮನೆ ವೈರಿಂಗಿನ ಒಂಟಿ ಎಳೆಯ ವೈರ್. ಗಾಡಿಯ ಅದುರಾಟಕ್ಕೆ ಅದು ಮುರಿಯುತ್ತದೆ. ಅದಷ್ಟನ್ನೂ ಕಿತ್ತು, ಸರಿಯಾದ ಬಣ್ಣದ ಬಹು ಎಳೆಯ ವೈರ್ ಹಾಕಿದರು. ತಗಡಿನ ತೂತು ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಕೂರಿಸಿದರು. ಫ್ಯೂಸೇ ಇಲ್ಲದ ವೈರ್ ಅಲ್ಲಿ ಉಜ್ಜಿ ಶಾರ್ಟ್ ಆದರೆ ಗಾಡಿಗೆ ಬೆಂಕಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಡೈನಮೊ. ಅಪ್ಪನ ಕಾಲದ್ದು, ಅದನ್ನು ತೆಗೆಯಲು ಮನಸ್ಸಿರಲಿಲ್ಲ. ಯಜಮಾನರು ಎಂಜಿನ್ ಚಾಲೂ ಮಾಡಿ ಕೆಂಪು ದೀಪವನ್ನೇ ನೋಡುತ್ತಾ ಕೂತರು. ರೇಸ್ ಕೊಟ್ಟಾಗ ದೀಪ ಮೊದಲು ಮಂಕಾಯಿತು. ಇನ್ನೂ ಕೊಟ್ಟಾಗ ಮತ್ತೆ ಜೋರಾಗಿ ಉರಿಯಿತು. "ಡೈನಮೊ ಕರೆಂಟ್ ಮಾಡ್ತಾ ಅದೆ. ಕಟೌಟ್ ಸೇರ್ತಿಲ್ಲ, ಅಷ್ಟೇಯ," ಅಂದರು. ಕಟೌಟ್ ಅಂದರೆ ಡೈನಮೊವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್. ಖಾತ್ರಿ ಮಾಡಿಕೊಳ್ಳಲು ಡೈನಮೊದ ಡಿ (ಕರೆಂಟ್ ಹೊರಗೆ ಬರುವ) ಮತ್ತು ಎಫ್ (ಒಳಗಿನ ಫೀಲ್ಡ್ ಕಾಯಿಲಿನ) ವೈರ್ ಎರಡನ್ನೂ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ ಅರ್ತಿಗೆ ಮೀಟರ್ ಹಿಡಿದರು. ರೇಸ್ ನಿಧಾನವಾಗಿ ಏರಿಸಿದ ಹಾಗೆ ವೋಲ್ಟೇಜ್ ಸರಾಗವಾಗಿ 20ರ ಹತ್ತಿರ ಏರಿತು. ಅಲ್ಲಿಗೆ ನಿಲ್ಲಿಸಿದರು, ಅದಕ್ಕಿಂತ ಮೇಲೆ ಏರಿಸಬಾರದು. ಡೈನಮೊ ಗಟ್ಟಿಯಾಗಿದೆ. ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಡಬ್ಬಿಯ ಅರ್ತ್ ವೈರ್ ಟರ್ಮಿನಲ್ಲಿನಿಂದ ಕಳಚಿಕೊಂಡಿತ್ತು. ಅದು ಇಲ್ಲದಿದ್ದರೆ ಒಳಗಿನ ಕಟೌಟ್ ಕಾಯಿಲಿಗೆ ಕರೆಂಟ್ ಹರಿಯುವುದಿಲ್ಲ, ಪಾಯಿಂಟ್ ಸೇರುವುದಿಲ್ಲ, ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ. ವೈರ್ ಬಿಗಿ ಮಾಡಿ, ಪಾಯಿಂಟ್ ಸ್ವಚ್ಛ ಮಾಡಿದರು. ಈಗ ರೇಸಿನಲ್ಲಿ ಬ್ಯಾಟರಿಗೆ 14 ವೋಲ್ಟ್ ಬರುತ್ತಿದೆ. ಆಲ್ಟರ್ನೇಟರ್ ಬೇಕಾಗಲಿಲ್ಲ. ಐಡ್ಲಿಂಗ್‌ನಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತದೆ, ಅದು ಡೈನಮೊ ಗಾಡಿಗೆ ಸಹಜ.

ಕೊರತೆಗಳೂ ಇವೆ. ಅಂಗಡಿಗೆ ಒಳಗೆ ಜಾಗವಿಲ್ಲ, ಗಾಡಿ ರಸ್ತೆ ಬದಿ ಬಿಸಿಲಿನಲ್ಲೇ ನಿಲ್ಲಬೇಕು. ರಾತ್ರಿ ಬಿಟ್ಟು ಬರುವ ಹಾಗಿಲ್ಲ. ಹೊಸ ಪೇಂಟಿನ ಗಾಡಿಯಾದರೆ ಮಡ್‌ಗಾರ್ಡಿನ ಮೇಲೆ ಹಾಸಲು ದಪ್ಪ ಕಂಬಳಿ ನೀವೇ ತೆಗೆದುಕೊಂಡು ಹೋಗಿ. ಅಲ್ಲಿ ಅಂಥದ್ದೇನೂ ಇಲ್ಲ, ಹುಡುಗರ ಬೆಲ್ಟಿನ ಬಕಲ್ ತಾಗುತ್ತದೆ. ಫೋನ್ ಎತ್ತುವುದು ಅಪರೂಪ. ಕಬ್ಬು ಅರೆಯುವ ಸೀಸನ್‌ನಲ್ಲಿ ಟ್ರ್ಯಾಕ್ಟರುಗಳೇ ಸಾಲಾಗಿ ನಿಂತಿರುತ್ತವೆ. ಆಗ ಹಳೇ ಕಾರನ್ನು ಅವರು ಮುಟ್ಟುವುದಿಲ್ಲ. ದುಡಿಮೆಯ ಗಾಡಿ ಮೊದಲು ಅನ್ನುವುದು ಅವರ ನಿಯಮ, ಅದು ನ್ಯಾಯವೇ. ಇನ್ನೊಂದು, ಹತ್ತಿ ಹೊದಿಕೆಯ ಹಳೇ ಮಾದರಿ ವೈರೇ ಬೇಕು ಅನ್ನುವವರಿಗೆ ಅವರ ಹತ್ತಿರ ಸಿಗುವುದಿಲ್ಲ. ಪ್ರದರ್ಶನಕ್ಕೆ ಗಾಡಿ ಸಿದ್ಧ ಮಾಡುವವರು ವೈರ್ ತಾವೇ ತರಿಸಿಕೊಡಬೇಕು.

ಕೂಲಿ 5,500 ರೂಪಾಯಿ ಆಯಿತು. ವೈರ್, ರಿಲೇ, ಫ್ಯೂಸ್ ಬಾಕ್ಸ್, ಅರ್ತ್ ಪಟ್ಟಿ ಸೇರಿ ಸಾಮಾನಿಗೆ 3,200. ಸಾಮಾನು ತಂದ ಅಂಗಡಿಯ ಬಿಲ್ಲನ್ನೇ ಕೊಟ್ಟರು, ಮೇಲೆ ಏನೂ ಸೇರಿಸಿರಲಿಲ್ಲ. ಒಂದು ವೈರ್ ಬಿಗಿ ಮಾಡಿದ್ದಕ್ಕೆ ಇಷ್ಟು ಕೂಲಿಯಾ ಅಂತ ಅಲ್ಲೇ ನಿಂತಿದ್ದ ಒಬ್ಬರು ಕೇಳಿದರು. ನಾನು ಪೂರ್ತಿ ಕೊಟ್ಟೆ. ನನ್ನ ಪ್ರಕಾರ ಆ ದುಡ್ಡು ವೈರ್ ಬಿಗಿ ಮಾಡಿದ್ದಕ್ಕಲ್ಲ, ಯಾವ ವೈರ್ ಅಂತ ಕಂಡುಹಿಡಿದದ್ದಕ್ಕೆ. ಅಳತೆಗೆ ಕೂಲಿ ಕೊಡಲು ನಾವು ಹಿಂದೆಮುಂದೆ ನೋಡುವುದರಿಂದಲೇ ಎಷ್ಟೋ ಕಡೆ ಸಾಮಾನು ಬದಲಾಯಿಸುವುದನ್ನೇ ರಿಪೇರಿ ಅಂತ ಮಾಡುತ್ತಾರೆ.

ಹೋಗುವವರು ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿರುತ್ತದೆ. ಬ್ಯಾಟರಿ ಹಿಂದಿನ ರಾತ್ರಿಯೇ ಫುಲ್ ಚಾರ್ಜ್ ಮಾಡಿಸಿಕೊಂಡು ಹೋಗಿ. ಅದು 12.6 ವೋಲ್ಟ್ ತೋರಿಸದಿದ್ದರೆ ಅವರು ಮಿಕ್ಕ ಅಳತೆ ಶುರು ಮಾಡುವುದೇ ಇಲ್ಲ.