ಬಳ್ಳಾರಿ ಜಾಲಿ ಕೀಳಲು ಜೆಸಿಬಿ: ಐದಕ್ಕೆ ಮೂರು ಅಂಕ

ಸಂಡೂರು ಕಡೆ ನಮ್ಮದು ಎರಡು ಎಕರೆ ಮಸಾರಿ ಬೀಳು ಇದೆ. ಅಪ್ಪನ ಕಾಲದಲ್ಲಿ ಅಲ್ಲಿ ಬನ್ನಿ, ಬೇವು, ಕರಿಜಾಲಿ ಮರಗಳಿದ್ದವು. ಆಮೇಲೆ ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಬಳ್ಳಾರಿ ಜಾಲಿ ತುಂಬಿತು. 1870ರ ದಶಕದಲ್ಲಿ ಅಮೆರಿಕ ಖಂಡದಿಂದ ಬಂದ ಗಿಡ ಇದು. ಹೆಸರು ಮಾತ್ರ ನಮ್ಮೂರಿಗೆ ಅಂಟಿದೆ!

ಎರಡು ಸಲ ಕೂಲಿಯವರಿಂದ ಕಡಿಸಿದ್ದೆ. ಒಂದೇ ಮಳೆಗೆ ಬೊಡ್ಡೆಯ ಸುತ್ತ ಹತ್ತು ಚಿಗುರು. ಚಿಗುರೊಡೆಯುವ ಗಂಟು ಮಣ್ಣಿನೊಳಗೆ ಇರುತ್ತದೆ, ಅದನ್ನು ಕೀಳದಿದ್ದರೆ ಕೂಲಿ ದಂಡ. ಅದಕ್ಕೇ ಈ ಸಲ ಗಂಟೆಗೆ 1,200 ರೂಪಾಯಿ ಕೊಟ್ಟು ಜೆಸಿಬಿ ಕರೆಸಿದೆ. ಯಾರದು ಅಂತ ಹೇಳುವುದಿಲ್ಲ, ಬಿಡಿ.

ಕೆಲಸ ಜೋರು. ಮಳೆ ಬಿದ್ದು ಮೂರು ದಿನವಾಗಿತ್ತು, ಮಣ್ಣು ಸಡಿಲವಿತ್ತು. ಬಕೆಟ್ ಹಲ್ಲು ಬುಡಕ್ಕೆ ಹಾಕಿ ಎತ್ತಿದರೆ ಬೊಡ್ಡೆ ಬೇರುಸಮೇತ ಹೊರಗೆ. ಆರು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಕಟ್ಟಿಗೆಯನ್ನು ಇದ್ದಿಲು ಸುಡುವವರು ಬಂದು ಒಯ್ದರು.

ಆದರೆ ನಾನು ಚಹಾ ತರಲು ಹೋದಾಗ ಒಂದು ಬನ್ನಿ ಮರವೂ ಹೋಗಿತ್ತು. ದಸರೆಗೆ ಪೂಜೆ ಮಾಡುತ್ತಿದ್ದ ಮರ ಅದು. ಕೇಳಿದರೆ ಡ್ರೈವರ್, "ಎಲ್ಲಾ ಮುಳ್ಳಿನ ಗಿಡನೇ ಅಲ್ಲೇನ್ರೀ ಅಣ್ಣಾರೇ?" ಅಂದ. ತಪ್ಪು ನನ್ನದೂ ಇದೆ. ಎಲೆ ನೋಡಿದರೆ ಎರಡೂ ಒಂದೇ ತರಹ. ಮುಳ್ಳು ನೋಡಬೇಕು. ಬಳ್ಳಾರಿ ಜಾಲಿಗೆ ಎಲೆ ಹುಟ್ಟುವ ಗೆಣ್ಣಿನಲ್ಲಿ ಜೋಡಿ ಮುಳ್ಳು, ಬನ್ನಿಗೆ ಕೊಂಬೆಯುದ್ದಕ್ಕೂ ಅಲ್ಲಲ್ಲಿ ಸಣ್ಣ ಮುಳ್ಳು. ಕರಿಜಾಲಿ ಗುರುತು ಇನ್ನೂ ಸುಲಭ. ಹಳದಿ ಗುಂಡು ಹೂವು, ಮಣಿಸರದಂಥ ಕಾಯಿ. ಉಳಿದ ಮರಗಳಿಗೆ ಆಮೇಲೆ ಸುಣ್ಣ ಬಳಿದೆ. ಮೊದಲೇ ಬಳಿದಿದ್ದರೆ?

ಗುಂಡಿ ಮುಚ್ಚದೆ ಗಾಡಿ ಹೊರಟಿತು. ಮುಚ್ಚಲು ಇನ್ನೊಂದು ಗಂಟೆಯ ದುಡ್ಡು ಬೇಕಂತೆ. ಮೊದಲೇ ಮಾತಾಡಿಕೊಳ್ಳಿ.

ಇಷ್ಟಾದರೂ ಕೆಲಸ ಮುಗಿದಿಲ್ಲ. ಕುರಿಗಳು ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಉದುರಿಸುತ್ತವೆ. ನೆಲದಲ್ಲಿ ಹಳೆಯ ಬೀಜವೂ ಇದೆ. ಮೊನ್ನೆ ನಾನೂ ಮನೆಯವಳೂ ಕೈಗೆ ಗೋಣಿಚೀಲ ಸುತ್ತಿಕೊಂಡು ಗೇಣುದ್ದದ ಸಸಿ ಕಿತ್ತೆವು. ಒಂದೇ ಮುಂಜಾನೆಗೆ ಮೂರು ಬುಟ್ಟಿ. ಈ ವಯಸ್ಸಿನ ಸಸಿಗಳು ಕೈಗೆ ಬರುತ್ತವೆ, ಇನ್ನೊಂದು ಮಳೆ ದಾಟಿದರೆ ಪಿಕಾಸಿ ಬೇಕು.

ಮುಂದಿನ ವರ್ಷ ಉಳಿದದ್ದಕ್ಕೆ ಅದೇ ಗಾಡಿ ಕರೆಸುತ್ತೇನೆ. ಚಹಾ ಮಾತ್ರ ಮನೆಯಿಂದಲೇ ಫ್ಲಾಸ್ಕಿನಲ್ಲಿ ಒಯ್ಯುತ್ತೇನೆ.